ಸಕಲೇಶಪುರದ ಶಾಲೆಯಲ್ಲಿ ಆಂಟಿಗುವಾದ ಹಾವು

ಕೆರಿಬಿಯನ್ ಸಮುದ್ರದ ಆಂಟಿಗುವಾ ದೇಶದ ಈಶಾನ್ಯ ತೀರದಾಚೆ ಗ್ರೇಟ್ ಬರ್ಡ್ ಎಂಬ ನಡುಗಡ್ಡೆಯಿದೆ. ಅದರ ವಿಸ್ತೀರ್ಣ 10 ಹೆಕ್ಟೇರಿಗಿಂತ ಕಡಿಮೆ; ನಮ್ಮ ಲೆಕ್ಕದಲ್ಲಿ 25 ಎಕರೆಯೂ ಆಗುವುದಿಲ್ಲ. ಸಕಲೇಶಪುರದ ಕಡೆ ಅಷ್ಟು ಕಾಫಿ ತೋಟ ಇರುವವರನ್ನು ಯಾರೂ ದೊಡ್ಡ ಪ್ಲಾಂಟರ್ ಎನ್ನುವುದಿಲ್ಲ. 1990ರ ದಶಕದ ನಡುವಿನಲ್ಲಿ ಒಂದು ಜಾತಿಯ ಹಾವು ಇಡೀ ಭೂಮಿಯ ಮೇಲೆ ಆ ಒಂದು ಜಾಗದಲ್ಲಿ ಮಾತ್ರ ಉಳಿದಿತ್ತು. ಎಣಿಸಿದರೆ ಸುಮಾರು 50. ಅದರ ಹೆಸರು ಆಂಟಿಗುವಾ ರೇಸರ್. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದರ ಸಂಖ್ಯೆ ಸಾವಿರ ದಾಟಿತು.

ನಾನು ಹೆತ್ತೂರು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ಹಾವನ್ನು ಕಣ್ಣಾರೆ ಕಂಡಿಲ್ಲ, ಆ ದೇಶಕ್ಕೂ ಹೋಗಿಲ್ಲ. ಆದರೆ ಹಲವು ವರ್ಷಗಳಿಂದ ಪ್ರತಿ ಮಳೆಗಾಲದಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಅದರ ಕಥೆಯನ್ನು ಲೆಕ್ಕವಾಗಿ, ನಕ್ಷೆಯಾಗಿ, ಆಟವಾಗಿ ಮಾಡುತ್ತಾ ಬಂದಿದ್ದೇನೆ. ಅದರಿಂದ ನಮ್ಮ ಸುತ್ತಿನ ತೋಟಗಳಲ್ಲಿ ಹಾವುಗಳು ಉಳಿದಿವೆ. ಇದನ್ನು ಹೇಗೆ ಮಾಡುತ್ತೇನೆ ಎಂದು ಬೇರೆ ಶಾಲೆಗಳ ಶಿಕ್ಷಕರು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಅವರೆಲ್ಲ ಕೇಳುವ ಪ್ರಶ್ನೆಗೆ ಉತ್ತರ. ನಮ್ಮ ಬಿಸಿಲೆ ಕಾಡಿನಲ್ಲೇ ಬೇಕಾದಷ್ಟು ಹಾವುಗಳಿರುವಾಗ ಸಾಗರದಾಚೆಯ ಹಾವು ಯಾಕೆ? ಕಾರಣವಿದೆ. ಮಲೆನಾಡಿನ ಮಗು ತರಗತಿಗೆ ಬರುವ ಹೊತ್ತಿಗೆ ಅದರ ತಲೆಯಲ್ಲಿ ಹಾವು ಆಗಲೇ ತುಂಬಿರುತ್ತದೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದ ಮನೆಯವರೇ ಕಣದ ಅಂಚಿನಲ್ಲಿ ಕಂಡ ಕೇರೆಹಾವಿಗೆ ದೊಣ್ಣೆ ಎತ್ತುತ್ತಾರೆ. ಹಸಿರುಹಾವು ಕಣ್ಣು ಕುಕ್ಕುತ್ತದೆ, ಹೊಡೆದು ಬಿಟ್ಟ ಹಾವು ಸೇಡು ತೀರಿಸಿಕೊಳ್ಳಲು ಮನೆ ಹುಡುಕಿಕೊಂಡು ಬರುತ್ತದೆ ಎಂಬ ಮಾತುಗಳನ್ನು ಕೇಳಿಕೊಂಡೇ ಮಕ್ಕಳು ಬೆಳೆದಿರುತ್ತಾರೆ. ಇದರ ಜೊತೆಗೆ ನಿಜವಾದ ನೋವೂ ಇದೆ. ತರಗತಿಯಲ್ಲಿ ಯಾರದೋ ಮಾವ, ಯಾರದೋ ಅಜ್ಜಿ ಹಾವು ಕಚ್ಚಿ ತೀರಿಕೊಂಡಿರುತ್ತಾರೆ. ಆ ಮಗುವಿನ ಎದುರು ನಿಂತು ‘ಹಾವು ರೈತನ ಮಿತ್ರ’ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಆಂಟಿಗುವಾದ ಹಾವಿಗೆ ಈ ಭಾರ ಯಾವುದೂ ಇಲ್ಲ. ಅದು ನಮಗೆ ದೇವರಲ್ಲ, ಶತ್ರುವೂ ಅಲ್ಲ. ನಮ್ಮವರು ಯಾರನ್ನೂ ಅದು ಕಚ್ಚಿಲ್ಲ. ಹಾಗಾಗಿ ಮಕ್ಕಳು ಅದರ ವಿಷಯದಲ್ಲಿ ನ್ಯಾಯಾಧೀಶರ ಹಾಗೆ ಕುಳಿತು ಯೋಚಿಸಬಲ್ಲರು. ಯಾರು ಯಾರಿಗೆ ಏನು ಮಾಡಿದರು, ಯಾವುದು ಮೊದಲು ಆಯಿತು, ಯಾವುದು ಆಮೇಲೆ ಎಂದು ಬಿಡಿಸಿ ನೋಡಬಲ್ಲರು. ಹಾಗೆ ಯೋಚಿಸುವ ಅಭ್ಯಾಸ ಒಮ್ಮೆ ಬಂದರೆ ಅದನ್ನು ಅವರೇ ತಮ್ಮ ಹಿತ್ತಲಿಗೆ ತರುತ್ತಾರೆ. ತರುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ.

ಆಂಟಿಗುವಾ ಎಲ್ಲಿದೆ ಎಂದು ಹೇಳಲು ನಾನು ಕ್ರಿಕೆಟ್‌ನಿಂದ ಶುರು ಮಾಡುತ್ತೇನೆ. ವಿವಿಯನ್ ರಿಚರ್ಡ್ಸ್ ಹುಟ್ಟಿದ ನಾಡು ಅದು. ಬ್ರಯಾನ್ ಲಾರಾ 1994ರಲ್ಲಿ 375, ಹತ್ತು ವರ್ಷದ ಬಳಿಕ ಔಟಾಗದೆ 400 ರನ್ ಗಳಿಸಿದ್ದು ಅಲ್ಲಿನ ಸೇಂಟ್ ಜಾನ್ಸ್ ಮೈದಾನದಲ್ಲಿ. 2002ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾ ವಿಕೆಟ್ ತೆಗೆದದ್ದೂ ಅಲ್ಲೇ. ಇಷ್ಟು ಹೇಳಿದ ಮೇಲೆ ಗೋಡೆಯ ಭೂಪಟದಲ್ಲಿ ಆಂಟಿಗುವಾವನ್ನು ಹುಡುಕಲು ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಸುಮಾರು 280 ಚದರ ಕಿಲೋಮೀಟರಿನ ದ್ವೀಪ ಅದು. ಅದರ ಪಕ್ಕದಲ್ಲಿ ಪೆನ್ಸಿಲ್ ಮೊನೆಗಿಂತ ಚಿಕ್ಕದಾಗಿ ಗ್ರೇಟ್ ಬರ್ಡ್ ಇದೆ ಎಂದು ನಾನೇ ಚುಕ್ಕಿ ಇಡಬೇಕು, ಶಾಲೆಯ ಭೂಪಟದಲ್ಲಿ ಅದು ಇರುವುದಿಲ್ಲ.

ಆಮೇಲೆ ಹಾವಿನ ಪರಿಚಯ. ಉದ್ದ ಸುಮಾರು ಒಂದು ಮೀಟರ್. ಹೆಣ್ಣು ಗಂಡಿಗಿಂತ ದೊಡ್ಡದು, ಬೂದು ಬೆಳ್ಳಿಯ ಬಣ್ಣ, ಗಂಡು ಕಂದು. ಮನುಷ್ಯನಿಗೆ ಅಪಾಯ ಮಾಡುವ ವಿಷ ಅದಕ್ಕಿಲ್ಲ. ಮುಖ್ಯ ಆಹಾರ ಹಲ್ಲಿ ಮತ್ತು ಓತಿಕ್ಯಾತಗಳು. ಹಗಲು ಓಡಾಡುತ್ತದೆ, ತರಗೆಲೆಯ ನಡುವೆ ಅಲುಗಾಡದೆ ಕಾದು ಬೇಟೆ ಹಿಡಿಯುತ್ತದೆ. ಒಂದು ಕಾಲದಲ್ಲಿ ಇಡೀ ಆಂಟಿಗುವಾದಲ್ಲಿತ್ತು. 1936ರ ಹೊತ್ತಿಗೆ ಅದು ನಾಶವಾಯಿತೆಂದೇ ಜನ ತಿಳಿದಿದ್ದರು.

ಹೇಗೆ ನಾಶವಾಯಿತು ಎಂಬಲ್ಲಿ ಕಥೆ ನಮ್ಮ ದೇಶಕ್ಕೆ ಬಂದು ಸೇರುತ್ತದೆ. ಯುರೋಪಿನ ಹಡಗುಗಳ ಜೊತೆ ಇಲಿಗಳು ಆ ದ್ವೀಪಗಳಿಗೆ ಬಂದವು. ಗುಲಾಮರನ್ನು ದುಡಿಸಿ ಬೆಳೆಸಿದ ಕಬ್ಬಿನ ತೋಟಗಳಲ್ಲಿ ಇಲಿಗಳ ಕಾಟ ಮಿತಿಮೀರಿತು. 1872ರಲ್ಲಿ ಜಮೈಕಾದ ಒಬ್ಬ ತೋಟದ ಮಾಲೀಕ ಕೋಲ್ಕತ್ತಾದಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದ. ಅವುಗಳ ಸಂತಾನ ಹೆಚ್ಚಿತು, ಇಲಿ ಹಿಡಿಯುತ್ತವೆ ಎಂಬ ಹೆಸರು ಹಬ್ಬಿತು, ಸುತ್ತಲಿನ ದ್ವೀಪದವರೆಲ್ಲ ಮುಂಗುಸಿ ಬೇಕೆಂದರು. ಶತಮಾನ ಮುಗಿಯುವಷ್ಟರಲ್ಲಿ ಆಂಟಿಗುವಾಕ್ಕೂ ಮುಂಗುಸಿ ಬಂತು. ಇಲಿ ರಾತ್ರಿ ಓಡಾಡುವ ಪ್ರಾಣಿ, ಮುಂಗುಸಿ ಹಗಲಿನ ಬೇಟೆಗಾರ. ಹಗಲು ನೆಲದ ಮೇಲೆ ಅದಕ್ಕೆ ಸಿಕ್ಕಿದ್ದು ಹಲ್ಲಿಗಳು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಮತ್ತು ಈ ಹಾವು.

ಇಲ್ಲಿ ತರಗತಿ ಪ್ರತಿ ಸಲವೂ ಗದ್ದಲವಾಗುತ್ತದೆ. ನಮ್ಮ ಮಕ್ಕಳಿಗೆ ಮುಂಗುಸಿ ನಾಯಕ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ, ಬಾಯಿಯ ರಕ್ತ ನೋಡಿ ತಪ್ಪು ತಿಳಿದ ತಾಯಿಯ ಕೈಯಿಂದ ಸತ್ತ ಪಂಚತಂತ್ರದ ಮುಂಗುಸಿಗಾಗಿ ಅತ್ತವರು ಅವರು. ಆ ಮುಂಗುಸಿ ಇನ್ನೊಂದು ದೇಶದಲ್ಲಿ ಒಂದು ಜಾತಿಯನ್ನೇ ಅಳಿವಿನ ಅಂಚಿಗೆ ತಳ್ಳಿತು ಎಂಬುದನ್ನು ಅವರು ಸುಲಭವಾಗಿ ಒಪ್ಪುವುದಿಲ್ಲ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮುಂಗುಸಿಯದೇನು ತಪ್ಪು ಸಾರ್? ಅದೇನು ಹಡಗು ಹತ್ತುತ್ತೇನೆ ಎಂದು ಕೇಳಿತ್ತೇ?” ಎಂದಳು. ಇಡೀ ಪಾಠದಲ್ಲಿ ನಾನು ಕಾಯುವುದು ಈ ಮಾತಿಗಾಗಿ. ಯಾರಾದರೂ ಒಬ್ಬರು ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಹೇಳಿಯೇ ಹೇಳುತ್ತಾರೆ. ನಾನಾಗಿ ಹೇಳಿದರೆ ಅದು ಪರೀಕ್ಷೆಗೆ ಬರೆದುಕೊಳ್ಳುವ ಉತ್ತರವಾಗುತ್ತದೆ, ಅವರ ಬಾಯಿಂದ ಬಂದರೆ ಚರ್ಚೆಯಾಗುತ್ತದೆ. ನಮ್ಮ ನಾಡಿನಲ್ಲಿ ಹಾವೂ ಮುಂಗುಸಿಯೂ ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿವೆ. ಒಂದರ ಪಟ್ಟು ಇನ್ನೊಂದಕ್ಕೆ ಗೊತ್ತು. ಆಂಟಿಗುವಾದ ಹಾವು ಅಂಥ ಬೇಟೆಗಾರನನ್ನು ಎಂದೂ ಕಂಡಿರಲಿಲ್ಲ. ತಪ್ಪು ಪ್ರಾಣಿಯದಲ್ಲ, ಅದನ್ನು ಎತ್ತಿ ಬೇರೆ ಜಾಗಕ್ಕೆ ಇಟ್ಟ ಕೈಯದು. ಈ ತಿಳಿವಳಿಕೆ ಬಂದ ಮಕ್ಕಳಿಗೆ ನಮ್ಮ ಬೇಲಿಯ ಲಂಟಾನ ಎಲ್ಲಿಂದ ಬಂತು, ಕೆರೆಗೆ ಬಿಟ್ಟ ಆಫ್ರಿಕಾದ ಕ್ಯಾಟ್‌ಫಿಶ್ ಏನು ಮಾಡುತ್ತದೆ ಎಂದು ವಿವರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಗ್ರೇಟ್ ಬರ್ಡ್ ದ್ವೀಪವನ್ನು ಮುಂಗುಸಿ ತಲುಪಿರಲಿಲ್ಲ. ಹಾವು ಅಲ್ಲಿ ಉಳಿದದ್ದು ಅದೇ ಕಾರಣಕ್ಕೆ. ಆದರೆ ಇಲಿಗಳು ತಲುಪಿದ್ದವು. ಹಾವಿನ ಮೊಟ್ಟೆಗಳನ್ನು ತಿನ್ನುತ್ತಿದ್ದವು, ದೊಡ್ಡ ಹಾವುಗಳನ್ನೂ ಕಚ್ಚುತ್ತಿದ್ದವು. ಅಲ್ಲಿಗೆ ಹೋದ ಸಂಶೋಧಕರು ಹಿಡಿದು ಪರೀಕ್ಷಿಸಿದ ಎಷ್ಟೋ ಹಾವುಗಳ ಬಾಲ ತುಂಡಾಗಿತ್ತು. ಹೀಗಾಗಿ 1995ರಲ್ಲಿ ಸ್ಥಳೀಯ ಪರಿಸರ ಸಂಘಟನೆ, ಅಲ್ಲಿನ ಅರಣ್ಯ ವಿಭಾಗ, ಬ್ರಿಟನ್ನಿನ ಫಾನಾ ಅಂಡ್ ಫ್ಲೋರಾ ಇಂಟರ್‌ನ್ಯಾಷನಲ್ ಮೊದಲಾದವರು ಕೂಡಿ ಆಂಟಿಗುವಾ ರೇಸರ್ ಸಂರಕ್ಷಣೆಯ ಯೋಜನೆ ಹಾಕಿಕೊಂಡಾಗ ಮೊದಲು ಕೈ ಹಾಕಿದ್ದು ಹಾವಿಗಲ್ಲ, ಇಲಿಗೆ.

ಇದನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಮೈದಾನದಲ್ಲಿ ಮಾಡಿಸುತ್ತೇನೆ. ಸುಣ್ಣದ ಪುಡಿಯಲ್ಲಿ ದ್ವೀಪದ ಆಕಾರ ಬರೆಯುತ್ತೇವೆ. ಅದರೊಳಗೆ ಹಗ್ಗ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಚೌಕಗಳನ್ನು ಮಾಡುತ್ತೇವೆ. ಗೆರೆಗಳು ಕೂಡುವ ಪ್ರತಿ ಜಾಗದಲ್ಲೂ ಒಂದು ತೆಂಗಿನ ಚಿಪ್ಪು ಕವುಚಿಡಬೇಕು. ಅದು ಆ ದ್ವೀಪದಲ್ಲಿ ಇಲಿಗಳಿಗೆ ಇಟ್ಟ ವಿಷದ ಪೆಟ್ಟಿಗೆ ಎಂದು ಲೆಕ್ಕ. ಪ್ರತಿ ಚಿಪ್ಪಿಗೂ ಸಂಖ್ಯೆ, ಪ್ರತಿ ಸಾಲಿಗೂ ಒಬ್ಬ ಕಾವಲುಗಾರ, ಅವರ ಕೈಯಲ್ಲಿ ನೋಟ್‌ಬುಕ್. ಚಿಪ್ಪಿನ ಕೆಳಗೆ ಬೆಲ್ಲದ ಚೂರು ಇಟ್ಟು ಹೋಗುತ್ತಾರೆ. ರಾತ್ರಿ ಇರುವೆಯೋ ಇಲಿಯೋ ಬಂದು ತಿಂದು ಹೋಗುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನೋಡಿ ಯಾವ ಚಿಪ್ಪಿನಲ್ಲಿ ಎಷ್ಟು ಹೋಯಿತು ಎಂದು ಬರೆಯಬೇಕು. ಮೊದಲ ದಿನಗಳಲ್ಲಿ ಎಲ್ಲರಿಗೂ ಉತ್ಸಾಹ. ಆಮೇಲೆ ಒಬ್ಬೊಬ್ಬರೇ ತಪ್ಪಿಸಿಕೊಳ್ಳುತ್ತಾರೆ, ದೂರದ ಮೂಲೆಯ ಚಿಪ್ಪುಗಳ ಲೆಕ್ಕ ಖಾಲಿ ಬೀಳುತ್ತದೆ. ಆಗ ಎಲ್ಲರನ್ನೂ ಕೂರಿಸಿ ನಕ್ಷೆಯ ಮೇಲೆ ಆ ಖಾಲಿ ಜಾಗಗಳಿಗೆ ಕೆಂಪು ಬಣ್ಣ ಹಾಕಿಸುತ್ತೇನೆ. ಆ ಕೆಂಪು ಮೂಲೆಯಲ್ಲಿ ಒಂದೇ ಒಂದು ಬಸುರಿ ಇಲಿ ಉಳಿದರೆ ಅಷ್ಟೂ ಕೆಲಸ ನೀರುಪಾಲು. ಪ್ರಾಣಿ ಸಂರಕ್ಷಣೆ ಎಂದರೆ ಬಹುಮಟ್ಟಿಗೆ ಇಂಥ ಬೇಸರದ, ಮೈ ಬಗ್ಗಿಸುವ, ದಿನವೂ ಲೆಕ್ಕ ಬರೆಯುವ ಕೆಲಸ. ಪ್ರೀತಿ ಬೇಕು, ನಿಜ. ಪ್ರೀತಿಯ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮೂಲೆಯ ಚಿಪ್ಪನ್ನು ಮಳೆಯಲ್ಲೂ ಹೋಗಿ ನೋಡುವವರು ಕಡಿಮೆ.

ಗ್ರೇಟ್ ಬರ್ಡ್ ದ್ವೀಪದಲ್ಲಿ ಬಳಸಿದ್ದು ಬ್ರೊಡಿಫಾಕುಮ್ ಎಂಬ ಔಷಧಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ವಿಷ ತಿಂದ ಕೂಡಲೇ ಕೆಲಸ ಮಾಡುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ಸತ್ತ ಇಲಿಗೂ ತಿಂದ ತುತ್ತಿಗೂ ಇರುವ ಸಂಬಂಧ ಉಳಿದ ಇಲಿಗಳಿಗೆ ಹೊಳೆಯುವುದಿಲ್ಲ. ಜೀವಂತ ಹಲ್ಲಿ ತಿನ್ನುವ ಹಾವು ಆ ವಿಷದ ತುಂಡನ್ನು ಮುಟ್ಟುವುದಿಲ್ಲ. ಆದರೆ ಇದನ್ನು ವಿವರಿಸಿದ ದಿನವೇ ಇನ್ನೊಂದು ಮಾತನ್ನೂ ಒತ್ತಿ ಹೇಳಬೇಕು: ಇದು ಸುತ್ತ ಸಮುದ್ರವಿರುವ, ಇಲಿಯೇ ಹೊರಗಿನದಾಗಿರುವ ಜಾಗದ ಉಪಾಯ. ನಮ್ಮ ತೋಟಗಳಲ್ಲಿ ಇಲಿಯನ್ನು ತಿನ್ನುವ ಗೂಬೆ, ಕೇರೆಹಾವು, ನಾಗರಹಾವು, ಮುಂಗುಸಿ ಎಲ್ಲ ಇವೆ. ಇಲ್ಲಿ ವಿಷ ಇಟ್ಟರೆ ವಿಷ ತಿಂದ ಇಲಿಯ ಮೂಲಕ ಇವೆಲ್ಲವನ್ನೂ ಕೊಲ್ಲುತ್ತೇವೆ. ನಮ್ಮ ಗೋದಾಮಿನ ಇಲಿಗಳಿಗೆ ಬೋನೇ ಸಾಕು. ಅಲ್ಲಿ ಸರಿಯಾದದ್ದು ಇಲ್ಲಿ ತಪ್ಪಾಗುತ್ತದೆ ಎಂಬುದು ಮುಂಗುಸಿಯ ಕಥೆ ಕೇಳಿದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಇಲಿ ಹೋದ ಮೇಲೆ ಸುಮಾರು ಎರಡು ವರ್ಷದಲ್ಲಿ ಹಾವುಗಳ ಸಂಖ್ಯೆ ಇಮ್ಮಡಿಯಾಯಿತು. ಹಾಗೆಂದು ಹೇಳಿದಾಗ ಜಾಣ ಮಕ್ಕಳು ಕೇಳುವ ಪ್ರಶ್ನೆ: ಪೊದೆಯಲ್ಲಿ ಅಡಗಿರುವ ಹಾವನ್ನು ಎಣಿಸಿದ್ದು ಹೇಗೆ? ನನಗೆ ಬಹಳ ಇಷ್ಟವಾದ ಪಾಠ ಇಲ್ಲಿಂದ ಶುರುವಾಗುತ್ತದೆ. ಒಂದು ಪಾತ್ರೆಯಲ್ಲಿ ಎಷ್ಟೆಂದು ಹೇಳದೆ ಕಾಫಿ ಬೀಜ ಹಾಕಿಡುತ್ತೇನೆ. ಒಬ್ಬರು ಕಣ್ಣು ಮುಚ್ಚಿ 20 ಬೀಜ ತೆಗೆದು ಕೆಂಪು ಶಾಯಿ ಹಚ್ಚಿ ಒಣಗಿಸಿ ವಾಪಸು ಹಾಕುತ್ತಾರೆ. ಚೆನ್ನಾಗಿ ಕಲಸಿ ಮತ್ತೆ 20 ತೆಗೆಯುತ್ತಾರೆ. ಅದರಲ್ಲಿ 8 ಕೆಂಪು ಬಂದವು ಎನ್ನಿ. ಅಂದರೆ ತೆಗೆದ ಬೀಜಗಳಲ್ಲಿ ಐದರಲ್ಲಿ ಎರಡು ಪಾಲು ಗುರುತಿನವು. ಪಾತ್ರೆಯಲ್ಲೂ ಅದೇ ಪ್ರಮಾಣ ಇರಬೇಕು. ಗುರುತು ಹಾಕಿದ್ದು 20, ಅದು ಐದರಲ್ಲಿ ಎರಡು ಪಾಲಾದರೆ ಒಟ್ಟು 50. ಆಮೇಲೆ ಪಾತ್ರೆ ಸುರಿದು ಎಣಿಸಿ ನೋಡುತ್ತಾರೆ. ಸರಿಯಾಗಿ ಅಷ್ಟೇ ಇರುವುದಿಲ್ಲ, ಆದರೆ ಹತ್ತಿರ ಇರುತ್ತದೆ. ಗಣಿತವೆಂದರೆ ಮೂಲೆ ಸೇರುವ ಮಕ್ಕಳೂ ಇದನ್ನು ಮನೆಗೆ ಹೋಗಿ ತಮ್ಮ ತಂದೆಗೆ ಮಾಡಿ ತೋರಿಸುತ್ತಾರೆ. ಆಂಟಿಗುವಾದಲ್ಲಿ ಶಾಯಿಯ ಬದಲು ಹಾವಿನ ಚರ್ಮದಡಿ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಇಟ್ಟರು. ಅದರಿಂದ ಪ್ರತಿ ಹಾವಿಗೂ ಒಂದೊಂದು ಸಂಖ್ಯೆ ಸಿಕ್ಕಿತು, ಮುಂದಿನ ಸಲ ಸಿಕ್ಕಾಗ ಅದರ ಬೆಳವಣಿಗೆಯ ಲೆಕ್ಕವೂ ಸಿಕ್ಕಿತು.

ಕಾಫಿ ಬೀಜದ್ದೇ ಇನ್ನೊಂದು ಆಟವಿದೆ. ಒಂದು ಗುಂಪಿಗೆ ಒಂದು ತಟ್ಟೆ, ಅದರಲ್ಲಿ 50 ಬೀಜ. ಇನ್ನೊಂದು ಗುಂಪಿಗೆ ಎರಡು ತಟ್ಟೆ, ಒಂದೊಂದರಲ್ಲಿ 25. ಡಬ್ಬಿಯಲ್ಲಿ ಚೀಟಿಗಳು: ‘ಒಳ್ಳೆಯ ಮಳೆ, ಹತ್ತು ಮರಿ ಸೇರಿಸಿ’, ‘ದೋಣಿಯಲ್ಲಿ ಇಲಿ ಬಂತು, ಅರ್ಧ ತೆಗೆಯಿರಿ’, ‘ಚಂಡಮಾರುತ, ಒಂದು ತಟ್ಟೆ ಖಾಲಿ’. ಚಂಡಮಾರುತದ ಚೀಟಿ ಬಂದಾಗ ಒಂದೇ ತಟ್ಟೆಯ ಗುಂಪಿನ ಆಟ ಅಲ್ಲಿಗೇ ಮುಗಿಯುತ್ತದೆ. ಎರಡು ತಟ್ಟೆಯವರು ಮುಂದುವರಿಯುತ್ತಾರೆ. ಇದು ಕಟ್ಟುಕಥೆಯಲ್ಲ. 1995ರಲ್ಲಿ ಲೂಯಿಸ್, 1998ರಲ್ಲಿ ಜಾರ್ಜಸ್ ಎಂಬ ಚಂಡಮಾರುತಗಳು ಆಂಟಿಗುವಾಕ್ಕೆ ಅಪ್ಪಳಿಸಿದ್ದವು. ಇದ್ದ ಹಾವುಗಳೆಲ್ಲ ಒಂದೇ ತಟ್ಟೆಯಲ್ಲಿದ್ದವು. ಅದಕ್ಕೇ 1999ರಲ್ಲಿ ಕೆಲವನ್ನು ರ‍್ಯಾಬಿಟ್ ದ್ವೀಪಕ್ಕೆ, 2005ರಲ್ಲಿ ಗ್ರೀನ್ ದ್ವೀಪಕ್ಕೆ, 2008ರಲ್ಲಿ ಯಾರ್ಕ್ ದ್ವೀಪಕ್ಕೆ ಬಿಟ್ಟರು. ಆ ದ್ವೀಪಗಳಲ್ಲಿ ಇಲಿ ಇಲ್ಲದಂತೆ ಮಾಡಿದ ಮೇಲೆಯೇ ಬಿಟ್ಟರು. ಮಕ್ಕಳಿಗೆ ಈ ಇಸವಿಗಳನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ತಟ್ಟೆ ಖಾಲಿಯಾದದ್ದನ್ನು ನೋಡಿದವರಿಗೆ ನೆನಪಿರುತ್ತದೆ.

ಕೆಲಸ ಮುಗಿಯಿತೇ ಎಂದು ಕೇಳುತ್ತಾರೆ. ಇಲ್ಲ. ಇಲಿಗೆ ಈಜು ಬರುತ್ತದೆ, ಪ್ರವಾಸಿಗರ ದೋಣಿಯಲ್ಲಿ ಸಾಮಾನಿನ ನಡುವೆಯೂ ಬರುತ್ತದೆ. ಪೆಟ್ಟಿಗೆಗಳನ್ನು ನೋಡುವವರು ಅಲ್ಲಿ ಇಂದಿಗೂ ಬೇಕು. ಪೆಸಿಫಿಕ್ ಸಾಗರದ ಗಲಪಾಗಸ್‌ನ ಪಿನ್ಜೋನ್ ದ್ವೀಪದಲ್ಲಿ ಇಲಿಗಳು ಆಮೆಯ ಮರಿಗಳನ್ನು ತಿಂದು ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಮರಿಯೂ ದೊಡ್ಡದಾಗಲು ಬಿಟ್ಟಿರಲಿಲ್ಲ. ಮೊಟ್ಟೆಗಳನ್ನು ಎತ್ತಿಕೊಂಡು ಹೋಗಿ ಬೇರೆಡೆ ಮರಿ ಮಾಡಿಸಿ, ಸ್ವಲ್ಪ ಬೆಳೆಸಿ ವಾಪಸು ಬಿಡುವ ಕೆಲಸವನ್ನು ದಶಕಗಳ ಕಾಲ ಮಾಡಿದರು. 2012ರಲ್ಲಿ ಇಲಿಗಳನ್ನು ತೆಗೆದ ಬಳಿಕವೇ ಕಾಡಿನಲ್ಲಿ ತಾವಾಗಿ ಹುಟ್ಟಿ ಓಡಾಡುವ ಮರಿಗಳು ಕಂಡವು. ಒಂಬತ್ತನೆಯ ತರಗತಿಗೆ ಈ ಕಥೆಯನ್ನೂ ಹೇಳುತ್ತೇನೆ. ನಡುವಿನ ದಶಕಗಳಲ್ಲಿ ಮೊಟ್ಟೆ ಹೊತ್ತವರಿಗೆ ಇಲಿಯನ್ನು ತೆಗೆಯಬಹುದೆಂಬ ಖಾತ್ರಿ ಇರಲಿಲ್ಲ, ಆದರೂ ಹೊತ್ತರು. ಆ ಜನರನ್ನು ನಾನು ಬಹಳ ಗೌರವಿಸುತ್ತೇನೆ.

ಇನ್ನು ತಂದೆ ತಾಯಿಯರ ಆತಂಕ. ಅದು ನ್ಯಾಯವಾದದ್ದು. “ಮೇಷ್ಟ್ರೇ, ಹಾವಿನ ಮೇಲೆ ಪ್ರೀತಿ ಹುಟ್ಟಿಸಿ ಮಕ್ಕಳು ಅದನ್ನು ಹಿಡಿಯಲು ಹೋದರೆ ಗತಿ ಏನು?” ಎಂದು ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದ್ದರು. ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಹಾಗಾಗಿ ರೇಸರ್ ಹಾವಿನ ಮೊದಲ ದಿನದ ಪಾಠಕ್ಕಿಂತ ಮುಂಚೆ ಒಂದು ದಿನ ಪೂರ್ತಿ ಕಡಿತದ ಪಾಠ ಮಾಡುತ್ತೇನೆ. ಯಾವ ಹಾವನ್ನೂ ಮುಟ್ಟಬಾರದು, ಸತ್ತದ್ದನ್ನೂ ಕೂಡ. ಕತ್ತಲಲ್ಲಿ ಟಾರ್ಚ್, ತೋಟದಲ್ಲಿ ಗಮ್‌ಬೂಟು. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಔಷಧಿಗೆಂದು ಹೊತ್ತು ಕಳೆಯಬಾರದು. ಕಚ್ಚಿದ ಕೈ ಕಾಲು ಅಲುಗಾಡದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟಿಗೆ ಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸಿದ್ದು. ಕಾಫಿ ಗಿಡದ ಬುಡದಲ್ಲಿ ತರಗೆಲೆಯೊಳಗೆ ಮಲಗುವ, ಮೂಗು ಮೇಲಕ್ಕೆತ್ತಿದಂತಿರುವ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅದರ ಕಡಿತಕ್ಕೂ ಆಸ್ಪತ್ರೆಯ ಆರೈಕೆಯೇ ಬೇಕು. ಈ ಪಾಠಕ್ಕೆ ತಾಯಂದಿರನ್ನೂ ಕರೆಯುತ್ತೇನೆ. ಅಂದು ಪ್ರಶ್ನೆ ಕೇಳಿದ ತಾಯಿ ಆಮೇಲೆ ತೋಟದ ಕೆಲಸಗಾರರು ವಾಸಿಸುವ ತಮ್ಮ ಲೈನ್ ಮನೆಯ ಸಾಲಿನವರಿಗೆಲ್ಲ ಇದನ್ನು ಹೇಳಿಕೊಟ್ಟರು.

ಈಗ ನಮ್ಮ ತೋಟದ ಮಾತು. ಜೋರು ಮಳೆ ಇಳಿದ ಮೇಲೆ ಕಾಫಿ ತೋಟಗಳಲ್ಲಿ ನೀರು ಇಂಗಲೆಂದು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತಾರೆ. ಆಗ ಗುದ್ದಲಿಗೆ ಒಂದು ಹಾವು ಸಿಗುತ್ತದೆ. ಗೇಣುದ್ದ, ಮಿರಮಿರ ಮಿನುಗುವ ಕಪ್ಪು ಮೈ, ಮೊನಚು ಮೂತಿ, ಮೊಂಡು ಬಾಲ. ತಲೆ ಯಾವುದು ಬಾಲ ಯಾವುದು ಎಂದು ತಿಳಿಯದ ಕಾರಣ ಎರಡು ತಲೆ ಹಾವು ಎಂದು ಕರೆದು ತುಂಡು ಮಾಡಿ ಎಸೆಯುತ್ತಿದ್ದರು. ಇದು ಗುರಾಣಿಬಾಲದ ಹಾವುಗಳ ಕುಟುಂಬಕ್ಕೆ ಸೇರಿದ್ದು. ಇಡೀ ಜಗತ್ತಿನಲ್ಲಿ ಈ ಕುಟುಂಬ ಇರುವುದು ದಕ್ಷಿಣ ಭಾರತ ಪರ್ಯಾಯದ್ವೀಪ ಮತ್ತು ಶ್ರೀಲಂಕಾದಲ್ಲಿ ಮಾತ್ರ. ವಿಷವಿಲ್ಲ, ಕಚ್ಚುವುದೂ ಇಲ್ಲವೆನ್ನಬಹುದು. ಎರೆಹುಳು ತಿಂದು ಮಣ್ಣಿನೊಳಗೇ ಬದುಕುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ.

ರೇಸರ್ ಹಾವಿನ ಪಾಠ ಮುಗಿದ ಒಂದು ವರ್ಷ, ತಾಯಿ ಗುಂಡಿ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಬಂದು ಈ ಹಾವಿನ ವರ್ಣನೆ ಮಾಡಿ, “ಸಾರ್, ಇದಕ್ಕೂ ಒಂದು ದ್ವೀಪ ಇದೆಯೇ?” ಎಂದು ಕೇಳಿದ. ಇದೆ. ನಮ್ಮ ದ್ವೀಪಗಳಿಗೆ ಸುತ್ತ ಸಮುದ್ರವಿಲ್ಲ ಅಷ್ಟೇ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ತಂಪಿಗೆ, ಅಲ್ಲಿನ ಶೋಲಾ ಕಾಡಿನ ಒದ್ದೆ ಮಣ್ಣಿಗೆ ಒಗ್ಗಿದ ಜೀವಿಗೆ ಕೆಳಗಿನ ಬಿಸಿ ಬಯಲು ದಾಟಲಾಗದ ಕಡಲು. ಮಣ್ಣು ಕೊರೆದು ಬದುಕುವ ಈ ಹಾವುಗಳು ದೂರ ಹೋಗಲಾರವು. ಅದರಿಂದಲೇ ಪಶ್ಚಿಮ ಘಟ್ಟದಲ್ಲಿ ಇವುಗಳ ಕೆಲವು ಜಾತಿಗಳು ಒಂದೆರಡು ಬೆಟ್ಟ ಸಾಲುಗಳಿಗೇ ಸೀಮಿತವಾಗಿವೆ. ಆ ಹುಡುಗ ಪ್ರಶ್ನೆ ಕೇಳಿದ ಮೇಲೆಯೇ ನಾನು ಇದನ್ನು ಪಾಠದಲ್ಲಿ ಸೇರಿಸಿದ್ದು. ಅದಕ್ಕೆ ಮೊದಲು ಸೇರಿಸದೆ ಇದ್ದದ್ದು ಬೇಕೆಂದೇ. ಮಕ್ಕಳು ತಾವಾಗಿ ದಾಟಿ ಬರಬೇಕಾದ ಹೊಳೆ ಇದು, ಹೊತ್ತು ದಾಟಿಸಬಾರದು.

ಮುಂದಿನ ಕೆಲಸ ಮಕ್ಕಳದಲ್ಲ, ಗುದ್ದಲಿ ಹಿಡಿದವರದು. ನಾನು ಕೆಲವು ತೋಟಗಳಿಗೆ ಹೋಗಿ ಮೇಸ್ತ್ರಿಗಳನ್ನೂ ಕೆಲಸದ ಹೆಂಗಸರನ್ನೂ ಕೂರಿಸಿಕೊಂಡು ಮಾತಾಡಿದೆ. ಕಲಿಸಲು ಹೋದೆನೆಂದು ಹೇಳಲಾರೆ, ಏಕೆಂದರೆ ಅವರಿಗೆ ಈ ಹಾವಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಿರಿಯ ಹೆಂಗಸೊಬ್ಬರು, “ಎರಡು ತಲೆ ಅಲ್ಲ ಮೇಷ್ಟ್ರೇ, ಒಂದು ಕಡೆ ಯಾವಾಗಲೂ ಮಣ್ಣು ಮೆತ್ತಿರುತ್ತದೆ. ಮಣ್ಣು ಮೆತ್ತಿದ ಕಡೆ ಬಾಯಿ ಇರುವುದಿಲ್ಲ” ಎಂದರು. ಪುಸ್ತಕ ಹೇಳುವುದೂ ಅದನ್ನೇ. ಒರಟಾದ ಬಾಲದ ತುದಿಗೆ ಮಣ್ಣು ಅಂಟಿಕೊಂಡು ಬಿಲದ ಬಾಯಿಗೆ ಬಿರಡೆಯಾಗುತ್ತದೆ. ಅವರಿಂದ ನಾವು ಬೇಡಿದ್ದು ಚಿಕ್ಕ ಸಂಗತಿ: ಹಾವು ಕಂಡರೆ ಕೈ ಹಾಕದೆ, ಸುತ್ತಲಿನ ಮಣ್ಣಿನ ಸಮೇತ ಗುದ್ದಲಿಯಲ್ಲಿ ಎತ್ತಿ, ಗುಂಡಿಯಿಂದ ದೂರ ಮರದ ನೆರಳಿನ ತರಗಿನಡಿ ಇಡಬೇಕು. ಗುರುತು ಸಿಗದ ಹಾವಾದರೆ ಏನೂ ಮಾಡದೆ ದೂರ ಸರಿದು ಮೇಸ್ತ್ರಿಗೆ ಹೇಳಬೇಕು.

ಮಾಲೀಕರಲ್ಲಿ ಕೆಲವರು ಒಪ್ಪಿದರು, ಕೆಲವರು ‘ಇಂಥದ್ದಕ್ಕೆಲ್ಲ ಕೂಲಿ ಕೊಡಲಾಗುವುದಿಲ್ಲ’ ಎಂದರು. ಅವರೊಂದಿಗೆ ಹಾವಿನ ಮಾತು ಬಿಟ್ಟು ಮಣ್ಣಿನ ಮಾತಾಡಿದೆ. ಎರೆಹುಳು ಇರುವಲ್ಲಿ ಈ ಹಾವು ಇರುತ್ತದೆ. ಹಾವು ಸಿಗುವ ಗುಂಡಿಯ ಮಣ್ಣನ್ನೂ, ಕಳೆನಾಶಕ ಹೊಡೆದು ನೆಲ ಬೋಳು ಮಾಡಿದ ಜಾಗದ ಮಣ್ಣನ್ನೂ ಹಿಡಿ ಹಿಡಿ ತೆಗೆದು ಪಕ್ಕದಲ್ಲಿಟ್ಟು ನೋಡಿ ಎಂದೆ. ಕೃಷಿಕನಿಗೆ ಮಣ್ಣು ತೋರಿಸಿದರೆ ಬೇರೆ ವಾದ ಬೇಕಾಗುವುದಿಲ್ಲ. ಒಪ್ಪಿದವರ ತೋಟಗಳಲ್ಲಿ ಹಳ್ಳದ ಅಂಚಿಗೆ, ಮರಗಳ ಕೆಳಗೆ ತರಗನ್ನು ಹಾಗೇ ಬಿಡುತ್ತಾರೆ, ಕಳೆಯನ್ನು ಕತ್ತಿಯಲ್ಲಿ ಸವರುತ್ತಾರೆ.

ಒಂದು ನಿಯಮವನ್ನು ಮಾತ್ರ ನಾನು ಸಡಿಲ ಬಿಡುವುದಿಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲಿ ದಿನ, ಮಳೆ, ಮಣ್ಣು, ಹಾವಿನ ಉದ್ದ ಎಲ್ಲ ಬರೆಯಬಹುದು. ತೋಟದ ಹೆಸರು ಬರೆಯಬಾರದು, ಮೊಬೈಲಿನಲ್ಲಿ ಚಿತ್ರ ಹಂಚಬಾರದು. ಎರಡು ತಲೆ ಹಾವು ಎಂದು ಮಣ್ಣುಮುಕ್ಕ ಎಂಬ ಬೇರೊಂದು ಹಾವನ್ನು ಲಕ್ಷಗಳಿಗೆ ಮಾರುತ್ತೇವೆಂದು ಜನರನ್ನು ವಂಚಿಸುವ ದಂಧೆ ರಾಜ್ಯದಲ್ಲಿದೆ. ಪೊಲೀಸರು, ಅರಣ್ಯ ಇಲಾಖೆಯವರು ಅಂಥವರನ್ನು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹೆಸರಿನ ಗೊಂದಲದಿಂದ ನಮ್ಮ ಹಾವು ಆ ಬಲೆಗೆ ಬೀಳಬಾರದು.

ಈ ಪಾಠ ಮಾಡಬೇಕೆನ್ನುವ ಶಿಕ್ಷಕರಿಗೆ ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಸೇರು ಕಾಫಿ ಬೀಜ, ಕೆಂಪು ಶಾಯಿ, ತಟ್ಟೆಗಳು, ತೆಂಗಿನ ಚಿಪ್ಪು, ಸುಣ್ಣ, ಹಗ್ಗ, ವೆಸ್ಟ್ ಇಂಡೀಸ್ ಕಾಣುವಂಥ ಭೂಪಟ. ಬಯಲುಸೀಮೆಯ ಅರಸೀಕೆರೆ, ಕಡೂರಿನ ಕಡೆಯವರು ಕಾಫಿಯ ಬದಲು ಹುಣಸೆ ಬೀಜ ಇಟ್ಟುಕೊಳ್ಳಬಹುದು, ಗುರಾಣಿಬಾಲದ ಹಾವಿನ ಬದಲು ಅಲ್ಲಿನ ಮಕ್ಕಳೇ ತಮ್ಮ ಹೊಲದ ಹಾವನ್ನು ಹುಡುಕಿಕೊಳ್ಳುತ್ತಾರೆ. ಕಡಿತದ ಪಾಠ ಮೊದಲು ಆಗಲಿ, ಆಮೇಲೆ ರೇಸರ್. ಜೂನ್‌ನಲ್ಲಿ ಶುರು ಮಾಡಿದರೆ ತೊಟ್ಟಿಲು ಗುಂಡಿಯ ಕೆಲಸ ಆರಂಭವಾಗುವ ಹೊತ್ತಿಗೆ ಚಂಡಮಾರುತದ ಆಟದವರೆಗೆ ಬಂದಿರುತ್ತೀರಿ.